ಒಬ್ಬರಿಗೋ, ಇಬ್ಬರಿಗೋ

ಬಿತ್ತು ಅನ್ನಬೇಡಿ ಮೇಸ್ತ್ರಿ. ಮಲಗಿತು. ಓಡ್ತಾ ಇರೋ ಗಾಡಿ ಬೀಳುತ್ತೆ, ನಿಂತಿರೋ ಗಾಡಿ ಮಲಗುತ್ತೆ. ಮೂವತ್ತೊಂದು ವರ್ಷ ಆಸ್ಪತ್ರೆಯಲ್ಲಿ ವಾರ್ಡ್ ಸಿಸ್ಟರ್ ಆಗಿದ್ದವಳು ನಾನು. ಬೀಳೋದಕ್ಕೂ ಮಲಗೋದಕ್ಕೂ ಇರೋ ವ್ಯತ್ಯಾಸ ನನಗೆ ಗೊತ್ತು.

ಯಾಕೆ ನಗ್ತೀರಿ? ಹ್ಯಾಂಡಲ್ ತುದಿ ಉಜ್ಜಿರೋದು ಕಂಡಿತಾ... ನೋಡಿ, ಚೆನ್ನಾಗಿ ನೋಡಿ. ಹದಿನೇಳು ವರ್ಷದಿಂದ ಇದನ್ನ ರಿಪೇರಿ ಮಾಡ್ತಿರೋರು ನೀವು, ನಿಮ್ಮ ಹತ್ತಿರ ಮುಚ್ಚಿಡೋದೇನಿದೆ.

ನನಗೆ ಇದರ ಮೇಲೆ ದೂರಿಲ್ಲ. ಇನ್ನೂರ ಹತ್ತು ಕಿಲೋ ಬೈಕು. ನಾನೂ ನಮ್ಮ ಯಜಮಾನರೂ ಇದರ ಮೇಲೆ ಸುತ್ತದ ಊರಿಲ್ಲ. ಓಡುವಾಗ ಇದಕ್ಕೆ ತೂಕವೇ ಇಲ್ಲ, ನಿಂತಾಗಲೇ ಅದಕ್ಕೆ ತನ್ನ ತೂಕ ನೆನಪಾಗೋದು. ನಾಲ್ಕು ಅಡಿ ಹನ್ನೊಂದು ಅಂಗುಲದವಳು ಎಲ್ಲೆಂದರಲ್ಲಿ ನಿಲ್ಲಿಸೋ ಹಾಗಿಲ್ಲ. ಫುಟ್‌ಪಾತಿನ ಅಂಚು ಹುಡುಕಿ ಎಡಗಾಲು ಅದರ ಮೇಲೆ ಊರಬೇಕು. ಹಿಂದಿನವರು ಹಾರ್ನ್ ಹೊಡೀತಾರೆ, ಹೊಡೀಲಿ. ಅರವತ್ಮೂರಕ್ಕೆ ಇನ್ನು ನಾನು ಉದ್ದ ಆಗೋದಿಲ್ಲ. ಅಳೆದು ನೋಡಿದೆ, ಅರ್ಧ ಅಂಗುಲ ಕಡಿಮೇನೇ ಆಗಿದ್ದೀನಿ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ. ನಾನು ಕಾಲಿದ್ದಷ್ಟು ಗಾಡಿ ಕೇಳ್ತಿದ್ದೀನಿ, ಅಷ್ಟೇ.

ಇದೇನಾ ಹೊಸದು? ನೂರೈವತ್ತು ಕಿಲೋ... ಸರಿ, ಹತ್ತಿ ನೋಡ್ತೀನಿ. ಹಿಡ್ಕೋಬೇಡಿ. ಹಿಡ್ಕೋಬೇಡಿ ಅಂದೆ.

ಹಿಮ್ಮಡಿ ನೋಡಿ. ಎರಡೂ ನೆಲದ ಮೇಲಿದೆ. ಒಂದಲ್ಲ, ಎರಡೂ.

...ಏನಿಲ್ಲ, ಸುಮ್ಮನೆ ಕೂತಿದ್ದೀನಿ. ಸೀಟು ಪರೀಕ್ಷೆ ಮಾಡೋದು ಬೇಡವಾ?

ಏನಂದ್ರಿ? ಹಿಂದಿನ ಸ್ಪ್ರಿಂಗಾ? ಒಬ್ಬರಿಗೋ ಇಬ್ಬರಿಗೋ ಅಂತ ಕೇಳೋ ಪ್ರಶ್ನೆಯೇ ಅದು? ಇಬ್ಬರಿಗೆ. ಯಜಮಾನರು ಎಪ್ಪತ್ತೆರಡು ಕಿಲೋ, ಊಟಕ್ಕೆ ಮುಂಚೆ. ತಿರುಗಿಸಿ.

ಯಾಕೆ ನಿಲ್ಲಿಸಿದ್ರಿ? ಗೊತ್ತು, ಇಬ್ಬರಿಗೆ ಅಂತ ಬಿಗಿ ಮಾಡಿದ್ರೆ ಸೀಟು ಮೇಲೇರುತ್ತೆ, ನನ್ನ ಹಿಮ್ಮಡಿ ನೆಲ ಬಿಡುತ್ತೆ. ಅವರು ಹಿಂದೆ ಕೂತ್ರೆ ಮತ್ತೆ ಇಳಿಯುತ್ತಲ್ಲ. ಕೂರ್ತಾರೆ. ಯಾಕೆ ಕೂರೋದಿಲ್ಲ? ಈ ಗಾಡಿ ಆರಿಸಿದ್ದೇ ಅವರು. ಬಣ್ಣ ಕೂಡ ಅವರೇ ಹೇಳಿದ್ದು... ಈಗಾ? ಈಗ ಮನೇಲಿದ್ದಾರೆ. ಪೇಪರ್ ಓದ್ತಿದ್ದಾರೆ. ಗಾಡಿ ತಗೊಳ್ಳೋ ದಿನ ಪೇಪರ್ ಓದಬಾರದು ಅಂತ ಕಾನೂನಿದೆಯಾ?

ಹೀಗೆ ಸ್ಪ್ಯಾನರ್ ಹಿಡ್ಕೊಂಡು ನನ್ನ ಮುಖ ನೋಡ್ತಾ ಕೂತರೆ ಕೆಲಸ ಆಗುತ್ತಾ ಮೇಸ್ತ್ರಿ?



...ಆ ಹ್ಯಾಂಡಲ್ ಉಜ್ಜಿದ್ದು ಚಹಾ ಅಂಗಡಿ ಮುಂದೆ. ಅಂಚು ಅಂದ್ಕೊಂಡು ಕಾಲಿಟ್ಟೆ. ಅಂಚಲ್ಲ, ನೆರಳು. ಕೆಳಗೆ ಒಂದು ಗೇಣು ಹಳ್ಳ. ಸರಿ, ಬಿತ್ತು. ಬಿತ್ತು ಅಂತಲೇ ಇಟ್ಕೊಳ್ಳಿ. ಅವರು ಹಿಂದೆ ಕೂತಿದ್ರು. ಮಣಿಕಟ್ಟು ಮುರೀತು. ಅಲ್ಲೇ ನಾನೇ ಪಟ್ಟಿ ಕಟ್ಟಿದೆ, ಚೆನ್ನಾಗೇ ಕಟ್ಟಿದೆ, ಡಾಕ್ಟರೂ ಹೊಗಳಿದ್ರು. ಅವರು ಮಾತ್ರ ಬೈಯಲಿಲ್ಲ. ಬೈದಿದ್ರೆ ನಾನೂ ಎರಡು ಬೈತಿದ್ದೆ, ಅಲ್ಲಿಗೆ ಮುಗೀತಿತ್ತು.

ಆಮೇಲೂ ಎರಡು ಸಲ ಟೂರ್ ಹೋದ್ವಿ. ಒಟ್ಟಿಗೇ. ನಾನು ಗಾಡಿಯಲ್ಲಿ, ಅವರು ಬಸ್ಸಿನಲ್ಲಿ. ಈಗ ನಗಬಹುದು ನೀವು... ಯಾಕೆ ನಗೋದಿಲ್ಲ? ನಾನು ಬಸ್ಸನ್ನ ದಾಟುವಾಗ ಕಿಟಕಿಯಿಂದ ಕೈ ಬೀಸ್ತಾರೆ. ಮುರಿದಿದ್ದ ಕೈಯನ್ನೇ ಬೀಸ್ತಾರೆ, ವಾಸಿಯಾಗಿದೆ ನೋಡು ಅಂತ. ಒಳ್ಳೇ ಮನುಷ್ಯ. ಆದ್ರೆ ಹಿಂದೆ ಕೂರೋದಿಲ್ಲ.

ಅವರೇ ಆರಿಸಿದ್ದು ಅಂದೆನಲ್ಲ, ಸುಳ್ಳು; ಈ ಗಾಡಿ ವಿಷಯ ಅವರಿಗೆ ಗೊತ್ತೇ ಇಲ್ಲ. ನನ್ನ ಎರಡೂ ಕಾಲು ನೆಲದ ಮೇಲಿರೋದು ಕಣ್ಣಾರೆ ಕಂಡ್ರೆ... ಏನೋ, ಹೇಳೋಕಾಗಲ್ಲ.

ಒಬ್ಬರಿಗೇ ಮಾಡಿ.

ಮತ್ತೆ ಇಬ್ಬರಿಗೆ ತಿರುಗಿಸೋಕೆ ಎಷ್ಟು ಹೊತ್ತು ಬೇಕು? ಎರಡೇ ನಿಮಿಷವಾ? ಹಾಗಾದ್ರೆ ತೋರಿಸಿಕೊಡಿ, ಯಾವ ಕಡೆ, ಎಷ್ಟು ಸುತ್ತು. ನಿಧಾನವಾಗಿ. ಆ ಸ್ಪ್ಯಾನರ್ ಒರೆಸಿ ನನಗೇ ಕೊಡಿ, ಸೀಟಿನ ಕೆಳಗೆ ಇಟ್ಕೋತೀನಿ. ಅವರು ಬಸ್ಸಿಳಿದು ಬಂದ್ರೆ? ಬಸ್ ಸ್ಟ್ಯಾಂಡುಗಳಲ್ಲಿ ಇದೆಲ್ಲ ಸಿಗೋದಿಲ್ಲ.