ಬಿಸಿಗಾಳಿಯಲ್ಲಿ ಒಣಗಿದ ಬಟ್ಟೆ

ಬಸ್ಸಿನ ಮುಂದಿನ ಸೀಟಿನಲ್ಲಿ ಅಕ್ಕತಂಗಿಯರು ಕೂತಿದ್ದರು. ತಂಗಿಯ ಮಡಿಲಲ್ಲಿ ಮೈತುಂಬ ಬೆವರುಸಾಲೆ ಎದ್ದ ಕೂಸು. ಹಿಂದಿನ ಸೀಟಿನಲ್ಲಿದ್ದ ಹೆಂಗಸೊಬ್ಬಳು ಅದನ್ನೇ ನೋಡುತ್ತಿದ್ದಳು.

“ಮನೇಲಿ ಎಸಿ ತಂಪೇ ಆಗ್ತಿಲ್ಲ ಅಕ್ಕಾ. ಮಗು ಕಣ್ಣೇ ಮುಚ್ತಿಲ್ಲ.”

“ಫಿಲ್ಟರ್ ತೊಳೆದ್ಯಾ?”

“ತೊಳೆದೆ. ಗ್ಯಾಸೂ ಸರಿಯಿದೆಯಂತೆ.”

“ಎಸಿಯ ಹೊರಗಿನ ಡಬ್ಬಕ್ಕೆ ಗಾಳಿ ಆಡುತ್ತಾ?”

“ಅದರ ಬಿಸಿಗಾಳಿಗೆ ಬೇಗ ಒಣಗುತ್ತೆ ಅಂತ ಅತ್ತೆ ಮಗು ಬಟ್ಟೆಯೆಲ್ಲ ಅದರ ಮುಂದೇನೇ ಹರವ್ತಾರೆ.”

“ಅಯ್ಯೋ ಪೆದ್ದಿ! ಅದರ ಉಸಿರು ಕಟ್ಟಿಸಿ ತಂಪು ಕೊಡು ಅಂದ್ರೆ? ಮೆಕ್ಯಾನಿಕ್ ನೋಡ್ಲಿಲ್ವಾ?”

“ಅವನು ಬರ್ತಾನೆ ಅಂತ ಅತ್ತೆ ಬಟ್ಟೆಯೆಲ್ಲಾ ತೆಗೆದು ಚೊಕ್ಕ ಮಾಡಿದ್ರು.”

ಅಕ್ಕ ನಕ್ಕುಬಿಟ್ಟಳು. ತಂಗಿ ನಗಲಿಲ್ಲ.

“ಅವರಿಗೆ ಹೇಗೆ ಹೇಳ್ಲಿ? ಮೊಮ್ಮಗನ ಬಟ್ಟೆ ಯಾರನ್ನೂ ಮುಟ್ಟೋಕೆ ಬಿಡಲ್ಲ.”

“ಹೇಳ್ಬೇಡ. ಬಾಲ್ಕನೀಲಿ ಹಗ್ಗ ಕಟ್ಟು. ‘ನಿಮಗೇ ಅಂತ ತಂದಿದ್ದೀನಿ ಅತ್ತೆ’ ಅನ್ನು.”

ಸ್ಟಾಪಿನಲ್ಲಿ ಇಬ್ಬರೂ ಇಳಿದರು. ಹಿಂದಿನ ಸೀಟಿನವಳು ಕಿಟಕಿಯಿಂದ ಕತ್ತು ಚಾಚಿದಳು. ಅವರು ಹಗ್ಗದ ಅಂಗಡಿಯ ಮೆಟ್ಟಿಲು ಹತ್ತಿದ ಮೇಲೆಯೇ ಒರಗಿ ಕೂತಳು.