ಕ್ಯಾರಿಯರ್ ಪಟ್ಟಿಯ ಕ್ಲಿಪ್ಪು

ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲಿನಲ್ಲಿ ಕುಳಿತಿರುವ ಅತ್ತಿಗೆಯವರಿಗೆ, ಅವರ ಮಗಳಿಗೆ — ಕೈಮುಗಿಯುತ್ತೇನೆ. ನಮ್ಮ ಈ ಚಿಕ್ಕ ವಿಮಾನ ನಿಲ್ದಾಣದ ರೇಡಿಯೋ ಕೋಣೆಯವನು ನಾನು. ನಮ್ಮ ಪೈಲಟ್ ಕ್ಯಾಪ್ಟನ್ ತೀರಿಹೋದ ಸುದ್ದಿ ಬಂದ ದಿನವೂ ಡ್ಯೂಟಿ ಮುಗಿಸಿಯೇ ಮನೆಗೆ ಹೋದೆ. ಊಟ ಮಾಡಿದೆ. ಇವತ್ತಿನವರೆಗೂ ಅಳು ಬಂದಿಲ್ಲ. ಯಾಕೋ ಗೊತ್ತಿಲ್ಲ. ಕೈಕಾಲು ತಮ್ಮ ಪಾಡಿಗೆ ತಾವು ಓಡಾಡುತ್ತಿವೆ.

ಇದು — ಹಿಂದೆ ಕೂತವರಿಗೂ ಕಾಣಿಸಲಿ — ಅವರ ಕೈ ರೇಡಿಯೋ. ಇದರ ಬೆನ್ನಿಗಿರುವ ಈ ಕ್ಲಿಪ್ಪು ಕಂಪನಿಯದಲ್ಲ. ಕಂಪನಿಯದು ಮುರಿದಾಗ, ಹೊಸದಕ್ಕೆ ಕಾಯುವ ತಾಳ್ಮೆ ನಮ್ಮ ಕ್ಯಾಪ್ಟನ್‌ಗೆ ಎಲ್ಲಿಂದ ಬರಬೇಕು? ಮನೆಯ ಊಟದ ಕ್ಯಾರಿಯರ್‌ನ ಪಕ್ಕದ ಸ್ಟೀಲ್ ಪಟ್ಟಿ ಬಿಚ್ಚಿ, ಬಗ್ಗಿಸಿ, ತೂತು ಕೊರೆದು ಸ್ಕ್ರೂ ಹಾಕಿ, ಬೆಲ್ಟಿಗೆ ಸಿಕ್ಕಿಸಿಕೊಂಡು ಬಂದರು. ಅತ್ತಿಗೆ ನನಗೆ ಫೋನ್ ಮಾಡಿದರು. "ಕ್ಯಾರಿಯರ್ ಎತ್ತಿದ್ರೆ ಡಬ್ಬಿಗಳೆಲ್ಲ ನೆಲಕ್ಕೆ ಬಿದ್ವು. ನಿಮ್ಮ ಕ್ಯಾಪ್ಟನ್ ಸಾಹೇಬ್ರು ಬಂದ್ರಾ ಅಲ್ಲಿಗೆ?" — ನೆನಪಿದೆಯಾ ಅತ್ತಿಗೆ?

ಕ್ಲಿಪ್ಪೇನೋ ಗಟ್ಟಿಯಾಗಿತ್ತು. ಆದರೆ ಪಟ್ಟಿಯ ತುದಿ ಸ್ವಲ್ಪ ಉದ್ದವಾಗಿ, ಪಕ್ಕಕ್ಕೆ ಬಾಗಿತ್ತು. ಸೀಟಿನಲ್ಲಿ ಕೂತರೆ ಅದು ಮಾತಾಡುವ ಗುಂಡಿಯನ್ನು ಒತ್ತಿ ಹಿಡಿಯುತ್ತಿತ್ತು. ಗುಂಡಿ ಒತ್ತಿದಷ್ಟು ಹೊತ್ತು ಅವರ ಮಾತು ನಮಗೆ ಕೇಳಿಸುತ್ತದೆ. ನಮ್ಮದು ಅವರಿಗೆ ಕೇಳಿಸುವುದಿಲ್ಲ. ಅವತ್ತು ಅವರು ವಿಮಾನ ಹತ್ತಿ ಕೂತಾಗ ಎಂಜಿನ್ ಇನ್ನೂ ಶುರುವಾಗಿರಲಿಲ್ಲ. ನನ್ನ ಕೋಣೆಯಲ್ಲಿ, ರಿಪೇರಿ ಶೆಡ್ಡಿನಲ್ಲಿ, ಇಂಧನದವರ ಹತ್ತಿರ — ಅದೇ ಚಾನೆಲ್‌ನ ರೇಡಿಯೋ ಇದ್ದ ಎಲ್ಲ ಕಡೆ ಕ್ಯಾಪ್ಟನ್ ದನಿ.

ಮಗಳೇ — ನೀನು ಪೈಲಟ್ ಆಗ್ತೀನಿ ಅಂದದ್ದು, ಅಪ್ಪ ಬೇಡ ಅಂದದ್ದು, ನೀನು ಅವರ ಹತ್ತಿರ ಮಾತು ಬಿಟ್ಟದ್ದು ನಮಗೆಲ್ಲ ಗೊತ್ತು. ಅವತ್ತು ಅವರು ನಿನಗೆ ಹೇಳಬೇಕಾದ ಮಾತನ್ನು ಒಬ್ಬರೇ ಕೂತು ಅಭ್ಯಾಸ ಮಾಡ್ತಾ ಇದ್ದರು. "ಪುಟ್ಟೀ, ನೀನು ಕಲಿ. ನೀನು ಹಾರು. ನಂಗೆ ಭಯ ಆಗಿತ್ತು ಕಣೇ, ಅಷ್ಟೇ." ಆಮೇಲೆ — "ಛೆ, ಹೀಗಲ್ಲ." ಮತ್ತೆ ಮೊದಲಿಂದ. ಮತ್ತೆ "ಛೆ". ಇಂಧನ ತುಂಬುವವರು ಪೈಪು ಹಿಡಿದು ಹಾಗೇ ನಿಂತುಬಿಟ್ಟರು. ನಾನೇ ಓಡಿಹೋಗಿ, ಹೀಗೆ, ವಿಮಾನದ ಕಿಟಕಿ ತಟ್ಟಿದೆ.

ಅವರ ಮುಖ ಕೆಂಪಾಯಿತು. "ಯಾರೂ ಬಾಯಿ ಬಿಡಬೇಡಿ. ಭಾನುವಾರ ಮನೆಗೆ ಬರ್ತಾಳೆ, ನಾನೇ ಹೇಳ್ತೀನಿ" ಅಂದರು. ರಿಪೇರಿಯವರಿಂದ ಅರ ಇಸ್ಕೊಂಡು ಕ್ಲಿಪ್ಪಿನ ತುದಿ ಉಜ್ಜಿ ಸರಿಮಾಡಿಕೊಂಡರು. ನಾವು ಬಾಯಿ ಬಿಡಲಿಲ್ಲ. ಶನಿವಾರ ಮನೆಯ ಕುರ್ಚಿಯಲ್ಲಿ ಕೂತವರು ಮತ್ತೆ ಏಳಲಿಲ್ಲ. ಹೃದಯ ನಿಂತಿತ್ತು.

ಮೊನ್ನೆ ನೀನು ಕೇಳಿದೆ, "ಅಪ್ಪ ನನ್ನ ಬಗ್ಗೆ ಏನಾದ್ರೂ ಹೇಳಿದ್ರಾ ಅಂಕಲ್?" ಅಂತ. ಡ್ಯೂಟಿ ಇದೆ ಅಂತ ಹೊರಟುಬಿಟ್ಟೆ. ಈಗ ಹೇಳಿದ್ದೇನೆ. ಇಲ್ಲಿ ಕೂತ ನಮ್ಮವರೆಲ್ಲ ಅದನ್ನು ಕೇಳಿಸಿಕೊಂಡವರೇ, ಬೇಕಾದರೆ ಯಾರನ್ನಾದರೂ ಕೇಳು. ನೀನೊಬ್ಬಳೇ ಕೇಳಿರಲಿಲ್ಲ.

ರೇಡಿಯೋ ನಿಲ್ದಾಣದ್ದು, ನಾಳೆ ಬೇರೆ ಪೈಲಟ್ ಕೈಗೆ ಹೋಗುತ್ತದೆ. ಕ್ಲಿಪ್ಪು ನಿಮ್ಮ ಮನೆಯದು. ಸ್ಕ್ರೂ ಸಡಿಲ ಮಾಡಿಟ್ಟಿದ್ದೇನೆ. ಬಾಮ್ಮ, ನೀನೇ ಬಿಚ್ಚಿಕೋ. ಅತ್ತಿಗೆ, ದಯವಿಟ್ಟು ಕ್ಯಾರಿಯರ್‌ಗೆ ಅಂತ ವಾಪಸ್ ಕೇಳಬೇಡಿ. ಮುಂದೆ ಅವಳ ರೇಡಿಯೋಗೆ ಬೇಕಾಗುತ್ತದೆ.

ಈಗ ಎಲ್ಲರೂ ಎದ್ದು ನಿಲ್ಲಬೇಕು ಅಂತ ಪ್ರಾರ್ಥನೆ. ಸ್ವಲ್ಪ ಹೊತ್ತು ನಾವ್ಯಾರೂ ಮಾತಾಡುವುದು ಬೇಡ. ಅಪ್ಪನಿಗೆ ಅವಳು ಏನಾದರೂ ಹೇಳುವುದಿದ್ದೀತು — ಚಾನೆಲ್ ಖಾಲಿ ಇರಲಿ.