ಬಾವಿ ತಗ್ಗಿನ ಏರು

ಲೈಟ್ ಇರಲಿ, ಆರಿಸಬೇಡಿ. ಇದು ಎಲ್ಲೋ ಕೇಳಿದ್ದಲ್ಲ. ನನ್ನ ದೊಡ್ಡಪ್ಪನ ಮಗನಿಗೆ ಆಗಿದ್ದು. ಸರಿಯಾಗಿ ಹೇಳಬೇಕಂದ್ರೆ ಅವನಿಗಲ್ಲ, ನಮ್ಮ ಅತ್ತಿಗೆಗೆ ಆಗಿದ್ದು. ನೆನೆಸಿಕೊಂಡರೆ ನನಗೆ ಈಗಲೂ ವಾಕರಿಕೆ ಬರುತ್ತೆ. ದೆವ್ವ ನೆನೆದು ಅಲ್ಲ... ಅವನನ್ನ ನೆನೆದು.

ಅಣ್ಣ ಮೀನು ಪ್ಯಾಕ್ ಮಾಡೋ ಕಾರ್ಖಾನೇಲಿ ತೂಕ ನೋಡೋನು. ಒಂದು ಪುಟ್ಟ ಕರೆಂಟ್ ಕಾರು ತಗೊಂಡ, ಸೆಕೆಂಡ್ ಹ್ಯಾಂಡು. ನೂರು ಕಿಲೋಮೀಟರ್ ಓಡುತ್ತೆ ಅಂತ ಮಾರಿದವನು ಹೇಳಿದ್ದ. ಓಡಿದ್ದು ಐವತ್ತು. ಅವತ್ತಿನಿಂದ ಇವನ ಕಣ್ಣು ರಸ್ತೆ ಮೇಲಿಲ್ಲ, ಮೀಟರ್ ಮೇಲೆ. ಸೆಕೇಲಿ ಬೆಂದು ಹೋದರೂ ಫ್ಯಾನ್ ಹಾಕ್ತಿರಲಿಲ್ಲ. ಭಾರ ಅಂತ ಸ್ಟೆಪ್ನಿ ತೆಗೆದು ಮಂಚದ ಕೆಳಗಿಟ್ಟ. ಹೇಗಿದ್ದೀಯ ಅಂತ ಕೇಳಿದರೆ ನಲವತ್ತೆರಡು ಪರ್ಸೆಂಟು ಅಂತಿದ್ದ. ಬರ್ತಾ ಬರ್ತಾ ಎಲ್ಲರೂ ಅವನನ್ನ ಪರ್ಸೆಂಟು ಅಂತಲೇ ಕರೆಯೋಕೆ ಶುರು ಮಾಡಿದರು. ನಾನೂ ನಗ್ತಿದ್ದೆ, ಸುಳ್ಳು ಯಾಕೆ ಹೇಳಲಿ.

ಅದೇ ಕಾರ್ಖಾನೇಲಿ ರಬ್ಬರ್ ಗ್ಲೌಸು ಹಾಕ್ಕೊಂಡು ಮೀನು ಸೀಳೋ ಹೆಂಗಸೊಬ್ಬಳಿದ್ದಳು. ಕತ್ತಿಯಕ್ಕ ಅನ್ನೋರು. ಅಣ್ಣನ ಮನೆ ಕಡೆಯವಳೇ. ಮಂಡಿ ನೋವು, ರಾತ್ರಿ ಪಾಳಿ ಮುಗಿದ ಮೇಲೆ ಕಾರಲ್ಲಿ ಕರ್ಕೊಂಡು ಹೋಗಪ್ಪ ಅಂತ ಕೇಳಿದಳು. ಇವನೇನು ಮಾಡಿದ ಗೊತ್ತಾ? ಅವಳನ್ನ ಮೀನು ತೂಗೋ ಯಂತ್ರದ ಮೇಲೆ ನಿಲ್ಲಿಸಿದ. ಎಲ್ಲರ ಎದುರಿಗೆ. ಎಪ್ಪತ್ತೊಂದು ಕಿಲೋ ಬಂತು. ಎರಡು ಕಿಲೋಮೀಟರ್ ಚಾರ್ಜು ತಿಂತೀಯಲ್ಲ ಅಂದ. ಅವಳು ತಲೆ ತಗ್ಗಿಸಿಕೊಂಡು ಹಿಂದಿನ ಸೀಟಲ್ಲಿ ಕೂತಳು. ಮುಂದಿನ ಸೀಟು ನಾರುತ್ತೆ ಅಂತ ಅಲ್ಲಿ ಕೂರಿಸ್ತಿರಲಿಲ್ಲ.

ಮನೆಗೆ ಮೂರು ಕಿಲೋಮೀಟರ್ ಇರೋವಾಗ ಒಂದು ತಗ್ಗು ಬರುತ್ತೆ. ಎರಡೂ ಕಡೆ ಏರು, ತಗ್ಗಲ್ಲಿ ರಸ್ತೆಗೆ ಅಂಟಿಕೊಂಡೇ ಒಂದು ಬಾವಿ. ಕಟ್ಟೆ ಇಲ್ಲ. ಒಂದು ರಾತ್ರಿ ಅಲ್ಲಿಗೆ ಬರುವಾಗ ಮೀಟರಲ್ಲಿ ಒಂಬತ್ತು ಕಿಲೋಮೀಟರ್ ಉಳಿದಿತ್ತು. ಒಂಬತ್ತು! ಆದರೂ ಇವನಿಗೆ ಎದೆ ಢವಢವ. ಏರಲ್ಲಿ ಚಾರ್ಜು ಸುರಿದು ಹೋಗುತ್ತೆ, ಇಳಿದು ನಡಿ ಅಂದ. ಅವಳು ಇಳಿದಳು. ಹೆಡ್‌ಲೈಟೂ ಆರಿಸಿಕೊಂಡು ಹೊರಟುಬಿಟ್ಟ, ಪುಣ್ಯಾತ್ಮ. ಮೂರನೇ ದಿನ ಬಾವೀಲಿ ಹೆಣ ತೇಲಿತು. ಅವತ್ತು ಅವಳು ನನ್ನ ಕಾರಲ್ಲಿ ಬರಲೇ ಇಲ್ಲ ಅಂತ ಪೊಲೀಸರ ಮುಂದೆ ಹೇಳಿದ. ಇದೆಲ್ಲ ನನಗೆ ಗೊತ್ತಾಗಿದ್ದು ಆಮೇಲೆ, ಅವನ ಬಾಯಿಂದಲೇ.

ಎರಡು ತಿಂಗಳು ಕಳೀತು. ಅತ್ತಿಗೆ ತುಂಬು ಬಸುರಿ. ಮೊದಲ ಎರಡು ನಿಂತಿರಲಿಲ್ಲ, ಇದಾದರೂ ಕೈಗೆ ಬರಲಿ ಅಂತ ನಾವೆಲ್ಲ ಉಸಿರು ಬಿಗಿ ಹಿಡಿದಿದ್ದೆವು. ಡಾಕ್ಟರ್ ಹೇಳಿದ ದಿನಕ್ಕಿಂತ ಮೂರು ವಾರ ಮುಂಚೆ, ರಾತ್ರಿ ಒಂದೂವರೆಗೆ ನೋವು ಬಂತು. ಆಂಬುಲೆನ್ಸ್ ಬರೋಕೆ ಒಂದು ಗಂಟೆ ಬೇಕು ಅಂದರಂತೆ. ಆಸ್ಪತ್ರೆ ಹನ್ನೊಂದು ಕಿಲೋಮೀಟರ್. ಮೀಟರಲ್ಲಿ ಇದ್ದದ್ದು ಹನ್ನೆರಡು. ಕಾರ್ಖಾನೇಲಿ ಬಿಟ್ಟಿ ಕರೆಂಟ್ ಸಿಗುತ್ತಲ್ಲ, ಮನೇಲಿ ಯಾಕೆ ಚಾರ್ಜ್ ಹಾಕ್ತಾನೆ!

ಹೊರಟರು. ಅತ್ತಿಗೆ ಮುಂದಿನ ಸೀಟಲ್ಲಿ ಹಲ್ಲು ಕಚ್ಚಿಕೊಂಡು ಕೂತಿದ್ದಳು. ಕರೆಂಟ್ ಕಾರಿಗೆ ಸದ್ದಿರಲ್ಲ ನೋಡಿ... ಚಕ್ರದ ಸರ್ರ್ ಒಂದೇ. ತಗ್ಗಿಗೆ ಇಳಿದರು. ಹಿಂದಿನ ಸೀಟು ಕಿರ್ರ್... ಅಂತು. ಕಾರಿನ ಹಿಂಭಾಗ ಕುಸೀತು. ಆಮೇಲೆ ವಾಸನೆ. ಮೀನಿನ ಕರುಳು ಮೂರು ದಿನ ಬಿಸಿಲಲ್ಲಿ ಬಿದ್ದಿದ್ದರೆ ಬರುತ್ತಲ್ಲ, ಅದು. ಮೀಟರಲ್ಲಿ ಒಂಬತ್ತು ಇದ್ದದ್ದು ಏಳಾಯ್ತು. ಆಸ್ಪತ್ರೆ ಇನ್ನೂ ಎಂಟು ಕಿಲೋಮೀಟರ್.

ಅಣ್ಣ ಹಿಂದೆ ತಿರುಗಿ ನೋಡಲಿಲ್ಲ. ಯಾರು ಅಂತ ಅವನಿಗೆ ಗೊತ್ತಿತ್ತು. ಬ್ರೇಕ್ ಹಾಕಿ ಹೆಂಡತಿಗೆ ಪಿಸುಗುಟ್ಟಿದ.

"ನೀನು ಇಳಿದು ಏರು ಹತ್ತಿಬಿಡು. ಮೇಲೆ ನಿಲ್ಲಿಸಿ ಹತ್ತಿಸ್ಕೋತೀನಿ."

ಹಿಂದೆ ಕೂತವಳನ್ನ ಇಳಿಸೋಕೆ ಧೈರ್ಯ ಇಲ್ಲ. ಹೆರೋಕೆ ಹೊರಟವಳನ್ನ ಇಳಿಸಿದ. ಥೂ.

ಅತ್ತಿಗೆ ಇಳಿದಳು. ಕಾರು ಲೈಟ್ ಆರಿಸಿಕೊಂಡು ಮುಂದೆ ಹೋಯ್ತು. ಕಣ್ಣಿಗೆ ಬೆರಳು ಚುಚ್ಚಿದರೂ ಕಾಣದ ಕತ್ತಲು. ನಾಲ್ಕು ಹೆಜ್ಜೆ ಇಟ್ಟಿರಬೇಕು, ನೋವು ಒತ್ತಿಕೊಂಡು ಬಂತು. ಎಡಕ್ಕೆ ವಾಲಿದಳು. ಕಾಲ ಕೆಳಗೆ ಮಣ್ಣು ಜರುಗಿ... ಎಲ್ಲೋ ಆಳದಲ್ಲಿ ಬುಳುಕ್ ಅಂತು.

ಆಗ ಯಾರೋ ಕಂಕುಳಿಗೆ ಕೈ ಕೊಟ್ಟು ಎತ್ತಿದರು. ರಬ್ಬರ್ ಗ್ಲೌಸು ಹಾಕಿದ ಕೈ. ತಣ್ಣಗೆ, ಲೋಳೆ ಲೋಳೆ. ಅತ್ತಿಗೆಗೆ ಅಲ್ಲೇ ವಾಂತಿ ಆಯ್ತು. ಆ ಕೈ ಬಿಡಲಿಲ್ಲ. ಬಾಯಿ ಕೂಡ ಒರೆಸಿತಂತೆ. ಕಿವಿ ಹತ್ತಿರ ಒಂದು ದನಿ.

"ಎಡಕ್ಕೆ ಕಾಲಿಡಬೇಡ ತಾಯಿ... ನಾನು ಬಿದ್ದದ್ದು ಅಲ್ಲೇ."

ಏರು ಪೂರ್ತಿ ಪಕ್ಕದಲ್ಲಿ ಪಚಕ್... ಪಚಕ್... ಅಂತ ಹೆಜ್ಜೆ. ಮೇಲೆ ಕಾರು ನಿಂತಿತ್ತು. ಬೇಗ ಹತ್ತು ಅಂತ ಅಣ್ಣ ಗೊಣಗಿದ. ಅತ್ತಿಗೆ ಹಿಂದಿನ ಬಾಗಿಲು ತೆಗೆದು ಕೂತಳು. ಕೂತು, ಪಕ್ಕಕ್ಕೆ ಸರಿದು ಜಾಗ ಬಿಟ್ಟಳು. ಹೆದರಿಕೆ ಆಗಲಿಲ್ವಾ ಅಂತ ನಾನು ಕೇಳಿದೆ. ಮುಂದೆ ಕೂತವನನ್ನ ನೋಡಿದರೇ ಹೆದರಿಕೆ ಆಗ್ತಿತ್ತು ಅಂದಳು. ಮೀಟರ್ ಸೊನ್ನೆ ತೋರಿಸಿದ ಮೇಲೂ ಕಾರು ಮೂರು ಕಿಲೋಮೀಟರ್ ಓಡಿ ಆಸ್ಪತ್ರೆ ಮುಟ್ಟಿತು. ಅದು ತನ್ನ ಡ್ರೈವಿಂಗು ಅಂತ ಅವನು ಈಗಲೂ ಜಂಬ ಕೊಚ್ತಾನೆ.

ಬೆಳಗಿನ ಜಾವ ಐದಕ್ಕೆ ನಾನು ಹೋದೆ. ಅಣ್ಣ ಅಂಗಳದಲ್ಲಿದ್ದ. ರೋಗಿಗಳಿಗೆ ಕುಡಿಯೋ ನೀರಿನ ಮೆಷಿನ್ನಿನ ಪ್ಲಗ್ ಕಿತ್ತು ಕಾರಿಗೆ ಹಾಕಿದ್ದ. ಮಗು ಹೇಗಿದೆ ಅಂದೆ. ಒಳಗೆ ಹೋಗೇ ಇಲ್ಲ ಮಹಾಶಯ! ಅವನ ಕಾಲ ಹತ್ತಿರ ಉಗಿದು ಒಳಗೆ ಹೋದೆ.

ಹೆಣ್ಣು ಮಗು. ಆಸ್ಪತ್ರೆ ಹಾರಿಹೋಗೋ ಹಾಗೆ ಅಳ್ತಿತ್ತು. ನನಗೆ ಕಣ್ಣಲ್ಲಿ ನೀರು ಬಂತು. ಅಷ್ಟರಲ್ಲಿ ನರ್ಸ್ ಕೇಳಿದಳು, ಹೆರಿಗೆ ಮುಗಿಯೋವರೆಗೂ ಕೈ ಹಿಡಿದು ನಿಂತಿದ್ದ ಆ ಹೆಂಗಸು ಎಲ್ಲಿ, ಪಾಪ ಬಟ್ಟೆ ಎಲ್ಲ ನೆನೆದಿತ್ತು ಅಂತ. ಜೊತೆಗೊಬ್ಬ ಹೆಂಗಸು ಇಲ್ಲದೆ ಅಲ್ಲಿ ಹೆರಿಗೆ ಕೋಣೆಗೆ ಬಿಡೋದಿಲ್ಲ, ಫಾರಂ ತುಂಬಬೇಕು. ಆ ಫಾರಂ ನನ್ನ ಕೈಗೆ ಕೊಟ್ಟಳು. ಹೆಸರಿನ ಜಾಗ ಖಾಲಿ. ಕೆಳಗೆ ಒಂದು ಹೆಬ್ಬೆಟ್ಟು. ಸಂಬಂಧ ಅನ್ನೋ ಕಡೆ, ಆ ಹೆಂಗಸು ಹೇಳಿದ್ದನ್ನೇ ನರ್ಸ್ ಬರೆದಿದ್ದಳು... ಒಂದೇ ದಾರಿಯವರು. ನಾನೇ ಕಣ್ಣಾರೆ ಓದಿದ್ದೀನಿ. ಸುಳ್ಳಾದರೆ ನನ್ನ ನಾಲಿಗೆ ಬಿದ್ದುಹೋಗಲಿ.